ಅಡುಗೆಮನೆಯಿಂದ ಲೈನ್ ಕ್ಲಿಯರ್

ಮೊದಲು ಗೊತ್ತಾಗಿದ್ದು ಕಾಫಿಯಿಂದ.

ಒಂದು ಬೆಳಿಗ್ಗೆ ಹಾಲಿನ ಬೂತಿಗೆ ಹೋದ ಮಾವ ಎಂಟು ಗಂಟೆಯಾದರೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಪಕ್ಕದ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಅವರ ಪೇಪರ್ ಓದುತ್ತಾ, ಅವರ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ನಮ್ಮ ಹಾಲು ಪಕ್ಕದ ಮನೆಯ ಮಾಮಿಯ ಒಲೆಯ ಮೇಲೆ ಉಕ್ಕುತ್ತಿತ್ತು. ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಮಾವ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇವತ್ತು ಕಾಫಿ ಚೆನ್ನಾಗಿತ್ತಮ್ಮ. ದಿನಾ ಹೀಗೇ ಮಾಡು" ಎಂದರು.

ನನಗೆ ಸಿಟ್ಟು ಬಂದದ್ದು ಕಾಫಿಯ ಮಾತಿಗೆ. ಅವರಿಗೆ ಮನೆಯೇ ತಪ್ಪಿದೆ ಎಂಬುದು ನನ್ನ ತಲೆಗೆ ಹೋಗಲು ಇನ್ನೂ ಎರಡು ತಿಂಗಳು ಹಿಡಿಯಿತು.

ಮಾವ ಮೂವತ್ತನಾಲ್ಕು ವರ್ಷ ಅರಸೀಕೆರೆ, ಬೀರೂರು ಕಡೆಯ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅತ್ತೆ ಹೋದ ಮೇಲೆ ಮದರಾಸಿನ ಪಲ್ಲಾವರಂನ ನಮ್ಮ ಬಾಡಿಗೆ ಮನೆಗೆ ಬಂದರು. ನಮ್ಮವರು ಇಲ್ಲೇ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಮನೆಯ ಹಿಂದೆ ಎರಡು ಬೀದಿ ದಾಟಿದರೆ ರೈಲು ಹಳಿ. ತಲೆಯ ಮೇಲೆ ವಿಮಾನ ಹೋದರೆ ಪಾತ್ರೆಗಳು ಅದುರುತ್ತವೆ, ಮಾವ ಕತ್ತೆತ್ತಿಯೂ ನೋಡುವುದಿಲ್ಲ. ದೂರದಲ್ಲಿ ಎಲೆಕ್ಟ್ರಿಕ್ ಟ್ರೈನಿನ ಸದ್ದಾದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ. ಇದನ್ನು ನಾನು ಮೊದಲಿನಿಂದ ಗಮನಿಸಿದ್ದೆ. ಅದರಿಂದ ಏನು ತಿಳಿಯಬೇಕೋ ಅದನ್ನು ಮಾತ್ರ ತಿಳಿದುಕೊಳ್ಳಲಿಲ್ಲ.

ಎಗ್ಮೋರ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ನ್ಯೂರಾಲಜಿಸ್ಟ್ ಮಾವನಿಗೆ ನೂರರಿಂದ ಏಳೇಳು ಕಳೆಯಲು ಹೇಳಿದರು. ಮಾವ ಎರಡರವರೆಗೂ ತಪ್ಪಿಲ್ಲದೆ ಇಳಿದರು. ಇದು ಯಾವ ಊರು ಎಂದು ಕೇಳಿದರು. ಮಾವ ಕಿಟಕಿಯ ಕಡೆ ನೋಡಿ, "ಜಂಕ್ಷನ್ ಇರಬೇಕು" ಎಂದರು.

ಡಾಕ್ಟರ್ ಚೀಟಿಯಲ್ಲಿ ಬರೆದದ್ದು ಎರಡೇ ಪದ. ಸೆನೈಲ್ ಡಿಮೆನ್ಷಿಯಾ.

"ಟ್ರೀಟ್‌ಮೆಂಟ್ ಅಂತ ಏನೂ ಇಲ್ಲ. ಗುಡ್ ನರ್ಸಿಂಗ್, ಅಷ್ಟೇ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೇಳುವಾಗ ನಮ್ಮವರ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು.

ಗುಡ್ ನರ್ಸಿಂಗ್ ಎಂದರೆ ನಾನು.

ಆದರೆ ನಮ್ಮವರಿಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಕೆಟ್ಟದ್ದೆಲ್ಲ ಸರಿಹೋಗುತ್ತದೆ, ಸರಿಹೋಗದಿದ್ದರೆ ಸರ್ಕ್ಯೂಟ್ ತಪ್ಪಿದೆ ಎಂದೇ ಅವರ ನಂಬಿಕೆ. ಊಟದ ಮೇಜಿನ ಮೇಲೆ ತಂತಿ ಬೆಸೆಯುವ ಸಾಲ್ಡರಿಂಗ್ ಕಡ್ಡಿ ಬಂತು. ನಾನು ಮೂರು ತಿಂಗಳು ಕೂತು ಕ್ರಾಸ್ ಸ್ಟಿಚ್ ಹಾಕಿದ್ದ ಮೇಜುವಸ್ತ್ರದ ಗುಲಾಬಿಯೊಂದರ ನಡುವೆ ಕಪ್ಪು ತೂತು ಬಿತ್ತು. ತೂತಿನ ಮೇಲೆ ನೀರಿನ ಚೊಂಬು ಇಟ್ಟೆ. ಹೇಳಬೇಕಿತ್ತು.

ಮೊದಲನೆಯದು ಬಲ್ಬಿನ ಹಲಗೆ. ಸ್ನಾನ, ಊಟ, ಮಾತ್ರೆ ಎಂದು ಬರೆದು, ಪ್ರತಿಯೊಂದರ ಮುಂದೆ ಎರಡು ಪುಟ್ಟ ಬಲ್ಬು. ಆಗಿಲ್ಲದಿದ್ದರೆ ಕೆಂಪು, ಆಗಿದ್ದರೆ ಹಸಿರು. "ಊಟ ಆಯ್ತಾ ಅಂತ ಅಪ್ಪ ನಿನ್ನನ್ನ ಹತ್ತು ಸಲ ಕೇಳೋ ಹಾಗಿಲ್ಲ, ನೋಡಿದ್ರೆ ಸಾಕು" ಎಂದರು. ಹಲಗೆ ನೋಡಲು ಚೆನ್ನಾಗಿತ್ತು. ಮಧ್ಯಾಹ್ನ ನಾನು ಎಲೆ ಹಾಕಿ, ಅನ್ನ ಬಡಿಸಿ, ಹುಳಿ ಬಿಟ್ಟು ಕರೆದೆ. ಮಾವ ಬಂದು ಕುರ್ಚಿಯ ಪಕ್ಕ ನಿಂತರು. ನಿಂತೇ ಇದ್ದರು.

"ಕೂತ್ಕೊಳ್ಳಿ ಮಾವ, ಆರಿ ಹೋಗತ್ತೆ."

"ಏನಮ್ಮ ನೀನು! ಕೆಂಪು ಇದೆ. ಹೆಂಗೆ ಹೋಗೋದು?"

ಊಟ ಆಗದೆ ಹಸಿರು ಬರುವುದಿಲ್ಲ, ಹಸಿರು ಬಾರದೆ ಅವರು ಕೂರುವುದಿಲ್ಲ. ಕೊನೆಗೆ ನಾನೇ ಸ್ವಿಚ್ ಒತ್ತಿ ಹಸಿರು ಮಾಡಿದೆ. ಕೂತು ಉಂಡರು. ಎದ್ದು ಕೈತೊಳೆದು ಬಂದು ಹಸಿರು ನೋಡಿ, "ದಾರಿ ಬಿಟ್ಟಿದಾರೆ" ಎಂದು ಮತ್ತೆ ಕೂತರು.

ಎರಡನೆಯದು ಬಾಗಿಲಿಗೆ ಹಾಕಿದ ಗುಟ್ಟಿನ ಅಗುಳಿ. ಮೇಲೆತ್ತಿ, ಬಲಕ್ಕೆ ತಿರುಗಿಸಿ, ಕೆಳಗೆಳೆಯಬೇಕು. ಮಾವ ನೋಡಿದ ತಕ್ಷಣ ತೆಗೆದರು. ಅವರು ಆಳಿದ ಸಿಗ್ನಲ್ ಲಿವರುಗಳ ಮುಂದೆ ಅದು ಯಾವ ಲೆಕ್ಕ? ತೆಗೆಯಲು ಬಾರದೆ ಹಿತ್ತಲ ಕಡೆಯಿಂದ ಸುತ್ತಿ ಬಂದವಳು ನಾನು.

ನಾನೂ ಒಂದು ಮಾಡಿದ್ದೆ, ಮುಚ್ಚಿಡುವುದಿಲ್ಲ. ಅವರ ಅಂಗಿಗಳ ಕಾಲರಿನ ಒಳಗೆ ಚೈನ್ ಸ್ಟಿಚ್ಚಿನಲ್ಲಿ ನಮ್ಮವರ ಹೆಸರು, ಮನೆಯ ವಿಳಾಸ ಹೊಲಿದೆ. ಮಾವ ಓದಿ ನೋಡಿ, "ಯಾರದ್ದೋ ಅಂಗಿ ನಂಗ್ಯಾಕೆ ಹಾಕ್ತೀಯ?" ಎಂದು ಬಿಚ್ಚಿ ಕೊಟ್ಟರು.

ಭಾನುವಾರಗಳಂದು ನನ್ನ ನಾದಿನಿ ವಸಂತಾ ಟಿ. ನಗರದಿಂದ ಬರುತ್ತಿದ್ದಳು. ಕೈಯಲ್ಲಿ ಸೀರೆ ಅಂಗಡಿಯ ಹಳದಿ ಚೀಲ, ಬಾಯಲ್ಲಿ ಸಲಹೆ.

"ಅತ್ತಿಗೆ, ಅಪ್ಪನಿಗೆ ನೀವು ಜಾಸ್ತಿ ಸಲಿಗೆ ಕೊಟ್ಬಿಟ್ರಿ. ಸ್ವಲ್ಪ ಸ್ಟ್ರಿಕ್ಟಾಗಿರ್ಬೇಕು."

"ಒಂದು ವಾರ ನಿನ್ನ ಹತ್ರ ಇರಲಿ ವಸಂತಾ. ನಾನೂ ನೋಡಿ ಕಲೀತೀನಿ."

"ಅಯ್ಯೋ, ನಮ್ಮದು ಮೂರನೇ ಮಹಡಿ ಅಲ್ವಾ ಅತ್ತಿಗೆ!"

ಆ ಮೂರನೇ ಮಹಡಿಗೆ ಅವಳು ಎರಡೆರಡು ಚೀಲ ಹೊತ್ತು ಹತ್ತುತ್ತಿದ್ದಳಲ್ಲ ಎಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಬಾಯಿಗೆ ಬಂದದ್ದನ್ನು ನುಂಗುವುದು.

ಸಂತೆಯ ಶುಕ್ರವಾರ ಅದಾಯಿತು.

ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಮಾವ ನನ್ನ ಪಕ್ಕದಲ್ಲಿದ್ದರು. ತಕ್ಕಡಿ ನೋಡಿ ತಿರುಗುವಷ್ಟರಲ್ಲಿ ಇರಲಿಲ್ಲ. ಪಾತ್ರೆ ಅಂಗಡಿ, ಕೋಳಿ ಸಾಲು, ಹಗ್ಗದ ಅಂಗಡಿ, ಎಲ್ಲ ಸುತ್ತಿದೆ. ತಮಿಳಿನಲ್ಲಿ ಕೇಳಿದೆ, ಇಂಗ್ಲಿಷಿನಲ್ಲಿ ಕೇಳಿದೆ, ಕೊನೆಗೆ ಕನ್ನಡದಲ್ಲೇ ಕೂಗಿದೆ. ಸಂಜೆ ಎಗ್ಮೋರ್ ನಿಲ್ದಾಣದಲ್ಲಿ ನಮ್ಮವರಿಗೆ ಸಿಕ್ಕರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಜನರನ್ನು ಹಿಂದೆ ಸರಿಯಿರಿ ಎಂದು ಗದರಿಸುತ್ತಿದ್ದರಂತೆ. ಅಲ್ಲಿಯ ಒಬ್ಬ ಹಿರಿಯ ನೌಕರರು ಅವರ ಮಾತಿನ ವರಸೆಯಲ್ಲೇ ಇವರು ರೈಲ್ವೆಯವರು ಎಂದು ಗುರುತಿಸಿ, ಒಳಗೆ ಕೂರಿಸಿ ಚಹಾ ಕೊಟ್ಟಿದ್ದರು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ್ದಕ್ಕೆ ಮಾವನ ಉತ್ತರ: "ಡ್ಯೂಟಿಗೆ."

ನಮ್ಮವರು ಅವರನ್ನು ಕರೆದುಕೊಂಡು ಬಂದಾಗ ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಒಳಗೆ ಒಂದು ಚಿಲಕ, ಒಂದು ಹಿತ್ತಾಳೆಯ ಬೀಗ.

"ರೂಮಿಗೆ ಹೊರಗಿಂದ ಹಾಕೋದು. ಹಗಲು ಹೊತ್ತು ಮಾತ್ರ" ಎಂದರು. ಅವರ ಕಣ್ಣು ಕೆಂಪಾಗಿತ್ತು. ಸಿಟ್ಟಲ್ಲ, ಹೆದರಿಕೆ.

ನನಗೆ ಒಂಬತ್ತು ವರ್ಷವಿದ್ದಾಗ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಡುಬು ಬಂದು, ನನ್ನನ್ನು ಕೊನೆಯ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಸಿಸ್ಟರ್ ಒಳ್ಳೆಯವರು, ದಿನಕ್ಕೆ ಮೂರು ಸಲ ಬರುತ್ತಿದ್ದರು. ಜ್ವರ ನನಗೆ ನೆನಪಿಲ್ಲ. ತುರಿಕೆ ನೆನಪಿಲ್ಲ. ಅವರು ಹೊರಗೆ ಹೋದ ಮೇಲೆ ಆ ಚಿಲಕ ಕೂರುವ ಸದ್ದು ನೆನಪಿದೆ.

"ಬೇಡ ರೀ," ಎಂದೆ.

"ಹಾಗಾದ್ರೆ ಬೇರೆ ಏನು? ಹೇಳು."

ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಅವರ ಹತ್ತಿರ ಇನ್ನೊಂದು ಯಂತ್ರವಿತ್ತು. ಭಾನುವಾರ ಅದನ್ನು ಕೂರಿಸುವುದು, ಎರಡು ವಾರ ನೋಡುವುದು, ಆಗದಿದ್ದರೆ ಬೀಗ. ಹಾಗೆಂದು ನಿರ್ಧಾರವಾಯಿತು.

ಆ ಯಂತ್ರ ಒಂದು ಕಾಲೊರಸು. ಮಾವನ ರೂಮಿನ ಹೊಸಿಲ ಬಳಿ, ನಾರಿನ ಕಾಲೊರಸಿನ ಕೆಳಗೆ ಎರಡು ತಗಡು, ನಡುವೆ ಸ್ಪಂಜು. ಮಾವ ತುಳಿದರೆ ತಗಡುಗಳು ಕೂಡಿ ಅಡುಗೆಮನೆಯಲ್ಲಿ ಬೆಲ್ಲು. ಹಳೆಯ ಗಂಟೆಯೊಂದರ ಬಟ್ಟಲು ಹಾಕಿದ್ದರು. ಒಂದೇ ಒಂದು ಪೆಟ್ಟು, ಟಿಂಗ್. ನನಗೆ ಗೊತ್ತಾಗಿ ನಾನು ಓಡಿ ಹೋಗಿ ಹಿಡಿಯಬೇಕು.

ಸೋಮವಾರ ಬೆಳಿಗ್ಗೆ ಟಿಂಗ್ ಎಂದಿತು. ಕೈಯ ಹಿಟ್ಟಿನಲ್ಲೇ ಓಡಿದೆ. ಮಾವ ಹೊಸಿಲಲ್ಲಿ ಕಿವಿ ನಿಮಿರಿಸಿ ನಿಂತಿದ್ದರು. ನಾನು ಹಿಂದಕ್ಕೆ ಬಂದೆ. ಟಿಂಗ್. ಓಡಿದೆ. ಅವರು ಕಾಲೊರಸಿನ ಮೇಲೆ ಇನ್ನೊಂದು ಸಲ ಗಟ್ಟಿಯಾಗಿ ತುಳಿದರು. ಟಿಂಗ್. ಮುಖದಲ್ಲಿ ಎಂಥ ಗಾಂಭೀರ್ಯ! ಹತ್ತು ಗಂಟೆಯ ಹೊತ್ತಿಗೆ ನಾನು ಓಡುವುದನ್ನು ಬಿಟ್ಟೆ. ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. "ಬೆಲ್ ಬಂದಿದೆ. ಬಿಟ್ಟು ಹೆಂಗೆ ಬರ್ಲಿ?" ಮಲಗಲಿಲ್ಲ. ಒಂದು ಕ್ಷಣ ಕೂರಲಿಲ್ಲ. ಕೋಟು ಬೇಕೆಂದು ಕೇಳಿ, ಮದರಾಸಿನ ಆ ಸೆಕೆಯಲ್ಲಿ ಕೋಟು ಹಾಕಿಕೊಂಡು ನಿಂತರು.

ಶಾಲೆಯಿಂದ ಬಂದ ನಮ್ಮ ಮಗಳು ಮಾಲತಿ ಚೀಲ ಎಸೆದು ಕಿವಿ ಮುಚ್ಚಿಕೊಂಡಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. "ಅಮ್ಮಾ, ತಾತಾ ಬೆಲ್ ಅಡಿಚ್ಚಿಕ್ಕಿಟ್ಟೇ ಇರುಕ್ಕಾರ್ ಮಾ!"

"ಹೊಡೀತಾರೆ ಕಣೆ. ನಿಮ್ಮಪ್ಪ ಕಟ್ಟಿಕೊಟ್ಟಿದಾರಲ್ಲ, ಹೊಡೀತಾರೆ."

ಯಂತ್ರ ಮಾಡುವವರೆಲ್ಲ ಒಂದು ದಿನ, ಒಂದೇ ಒಂದು ದಿನ, ಅಡುಗೆಮನೆಯಲ್ಲಿ ನಿಂತು ನೋಡಲಿ ಎಂದು ನನಗೆ ಅನ್ನಿಸಿದ್ದು ಆ ವಾರ. ನಾನು ಎಚ್ಚರವಾಗಿರಬೇಕು ಎಂದು ಮಾಡಿದ ಬೆಲ್ಲು ಮಾವನನ್ನು ಎಚ್ಚರವಾಗಿಟ್ಟಿತ್ತು. ತಂದೆಯ ಸಂಬಳದಲ್ಲೇ ಎಂಜಿನಿಯರ್ ಆದವರಿಗೆ, ಸ್ಟೇಷನ್ ಕ್ವಾರ್ಟರ್ಸಿನಲ್ಲೇ ಬೆಳೆದವರಿಗೆ, ಆ ಪೆಟ್ಟಿನ ಸದ್ದು ತಂದೆಗೆ ಏನು ಹೇಳುತ್ತದೆಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಬುಧವಾರದವರೆಗೆ.

ಬುಧವಾರ ನಾನು ಕತ್ತರಿ ತೆಗೆದುಕೊಂಡು ಹೋದೆ. ತಂತಿ ಕತ್ತರಿಸಿ ಹಾಕುವುದು, ಆಮೇಲೆ ಏನಾಗುತ್ತದೋ ಆಗಲಿ ಎಂದು. ಕಾಲೊರಸಿನ ಪಕ್ಕ ಮಂಡಿಯೂರಿದೆ.

"ಏಯ್! ಸ್ಟೇಷನ್ ಬೆಲ್ಲಿನ ವೈರ್ ಮುಟ್ಬೇಡ! ಕೆಲಸ ಹೋಗತ್ತೆ!"

ಇಷ್ಟು ತಿಂಗಳಲ್ಲಿ ಅವರ ಗಂಟಲಿನಿಂದ ಆ ಧ್ವನಿ ಬಂದಿರಲಿಲ್ಲ. ನನ್ನ ಕೈ ತಾನಾಗಿ ಹಿಂದೆ ಬಂತು.

"ಹೊಸಬಳಾ?" ಎಂದು ಕೇಳಿದರು.

ಅಳು ಬರುವಷ್ಟು ಸುಸ್ತಾಗಿತ್ತು. "ಹೌದು ಸಾರ್," ಎಂದೆ.

"ಕೂತ್ಕೋ. ಯಾರೂ ಹೇಳಿಕೊಟ್ಟಿಲ್ಲ, ನಿನ್ನ ತಪ್ಪೇನು?"

ಹೊಸಿಲ ಆಚೆ ಅವರು, ಈಚೆ ನಾನು. ಬೆಳಿಗ್ಗೆ ಚಮಚಕ್ಕೆ ಏನೆನ್ನುತ್ತಾರೆಂದು ಹೊಳೆಯದೆ ಕೈಯಾಡಿಸಿದ್ದವರು, ಒಂದು ತೊದಲಿಲ್ಲದೆ ಪಾಠ ಮಾಡಿದರು. ನಿಲ್ದಾಣದಿಂದ ನಿಲ್ದಾಣಕ್ಕೆ ಇರುವುದು ಒಂದೇ ಹಳಿ. ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರಬೇಕು. ಈ ಕಡೆಯ ಮಾಸ್ಟರ್ ಬೆಲ್ಲು ಕೊಟ್ಟು ಕೇಳಬೇಕು, ಆ ಕಡೆಯವರು ಒಪ್ಪಬೇಕು. ಒಪ್ಪಿದರೆ ಮಾತ್ರ ಪೆಟ್ಟಿಗೆಯಿಂದ ಒಂದು ಉಕ್ಕಿನ ಚೆಂಡು ಈಚೆ ಬರುತ್ತದೆ. ಅದನ್ನು ಬೆತ್ತದ ಬಳೆಯ ಚೀಲದಲ್ಲಿಟ್ಟು ಡ್ರೈವರಿಗೆ ಕೊಟ್ಟರೇ ಗಾಡಿ ಹೊರಡುವುದು.

"ಒಂದು ಬೆಲ್ ಅಂದ್ರೆ, ಗಮನ ಕೊಡಿ. ಎರಡು, ಲೈನ್ ಕ್ಲಿಯರ್ ಇದೆಯಾ, ಹಳಿ ಖಾಲಿಯಾ. ಮೂರು, ಗಾಡಿ ಹೊರಟಿತು. ನಾಲ್ಕು, ಗಾಡಿ ಬಂದು ಸೇರಿತು. ಎಷ್ಟು ಬಂತೋ ಅಷ್ಟೇ ತಿರುಗಿ ಕೊಡಬೇಕು. ತಿಳೀತಾ?"

"ತಿರುಗಿ ಕೊಡದಿದ್ರೆ ಸಾರ್?"

"ಗಾಡಿ ನಿಂತಿರತ್ತೆ."

"ಎಷ್ಟು ಹೊತ್ತು?"

ಇಂಥ ದಡ್ಡಿಯನ್ನು ಯಾರು ಕೆಲಸಕ್ಕೆ ತೆಗೆದುಕೊಂಡರು ಎನ್ನುವಂತೆ ನನ್ನನ್ನು ನೋಡಿದರು.

"ಕೊಡೋ ತನಕ."

ಆ ಸಂಜೆ ನಮ್ಮವರು ಷೂ ಬಿಚ್ಚುವ ಮೊದಲೇ ಹೇಳಿದೆ. ಕಾಲೊರಸು ತೆಗೆಯಿರಿ. ಮಾವನ ಬಾಗಿಲಲ್ಲಿ ಒಂದು ಗುಂಡಿ, ಅಡುಗೆಮನೆಯಲ್ಲಿ ಒಂದು ಗುಂಡಿ. ಅವರು ಒತ್ತಿದರೆ ನನಗೆ ಕೇಳಬೇಕು, ನಾನು ಒತ್ತಿದರೆ ಅವರಿಗೆ ಕೇಳಬೇಕು.

ಅವರು ಒಂದು ಷೂ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ, "ಅಪ್ಪನ ಜೊತೆ ಆಟ ಆಡ್ತಿದೀವಾ ನಾವು?" ಎಂದರು.

ಆ ಪ್ರಶ್ನೆ ನನಗೂ ಚುಚ್ಚಿತು. ನಾನು ಕಲಿತ ಕಾನ್ವೆಂಟಿನಲ್ಲಿ ಸುಳ್ಳಿಗೆ ಸಣ್ಣದು ದೊಡ್ಡದು ಎಂದಿರಲಿಲ್ಲ. ಯೋಚಿಸಿ ಹೇಳಿದೆ: "ಲೈನ್ ಕ್ಲಿಯರ್ ಕೊಟ್ಟ ಮೇಲೆ ಗಾಡಿ ನಿಜವಾಗಿ ಹೋಗ್ಲೇಬೇಕು. ದಿನಾ ನಾಲ್ಕು ಗಂಟೆಗೆ ನಾನು ಕೊಡ್ತೀನಿ, ಅವರನ್ನ ಸ್ಟೇಷನ್ ತನಕ ಕರ್ಕೊಂಡು ಹೋಗಿ ಬರ್ತೀನಿ. ಆಗ ಅದು ಸುಳ್ಳಲ್ಲ." ಇಷ್ಟು ದಿನ ಮನೆಯಲ್ಲಿ ಮಾಡಿದ್ದೆಲ್ಲ ಅವರನ್ನು ತಡೆಯುವ ಯಂತ್ರಗಳೇ, ಹೋಗಿ ಬರುವುದಕ್ಕೆ ಒಂದೂ ಇಲ್ಲ ಎಂದು ಹೇಳಲು ಹೊರಟೆ. ಸಾಲ್ಡರಿಂಗ್ ಕಡ್ಡಿ ಆಗಲೇ ಅವರ ಕೈಯಲ್ಲಿತ್ತು. ಈ ಸಲ ಕೆಳಗೆ ಹಲಗೆ ಇಟ್ಟುಕೊಂಡರು.

ಬೆತ್ತದ ಬಳೆಗೆ ನನ್ನ ಕಸೂತಿಯ ಬಟ್ಟೆ ಬಿಗಿಯುವ ದೊಡ್ಡ ಹೂಪನ್ನೇ ಕೊಟ್ಟೆ. ಹಳೆಯ ಖಾಕಿ ಬಟ್ಟೆಯಲ್ಲಿ ಚೀಲ ಹೊಲಿದು ಕಟ್ಟಿದೆ. ಮಾಲತಿಯ ರಬ್ಬರ್ ಚೆಂಡು ಹಾಕಿದ್ದಕ್ಕೆ ಮಾವ ಅಂಗೈಯಲ್ಲಿ ತೂಗಿ, "ಯಾರಿಗೆ ಮೋಸ ಮಾಡ್ತೀಯ?" ಎಂದು ಎಸೆದರು. ಮರುದಿನ ನಮ್ಮವರು ಕಾರ್ಖಾನೆಯ ತಿಪ್ಪೆ ಸಾಮಾನಿನಿಂದ ಬೇರಿಂಗಿನ ದಪ್ಪ ಉಕ್ಕಿನ ಗುಂಡು ಕೇಳಿ ತಂದರು. ಮಾವ ಅದನ್ನೂ ತೂಗಿ ನೋಡಿದರು. ಎಸೆಯಲಿಲ್ಲ. ಗುಂಡು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ಕೂತಿತು. ಬಳೆ ಅವರ ಬಾಗಿಲ ಮೊಳೆಗೆ.

ಹಾಗೆಂದು ಎಲ್ಲ ಸುಗಮವಾಯಿತೆಂದು ಯಾರೂ ತಿಳಿಯಬಾರದು. ಒಗ್ಗರಣೆ ಸಿಡಿಯುವಾಗ ಒಂದು ಬೆಲ್ಲು. ತಲೆಗೆ ಎಣ್ಣೆ ಹಚ್ಚಿಕೊಂಡಾಗ ಒಂದು ಬೆಲ್ಲು. ಎಣ್ಣೆ ಕೈಯಲ್ಲೇ ಒತ್ತಬೇಕು, ಇಲ್ಲವಾದರೆ ಇನ್ನೊಂದು, ಮತ್ತೊಂದು. ಆದರೆ ಈಗ ಉತ್ತರ ಬಂದರೆ ಅವರು ಕುರ್ಚಿಗೆ ಹೋಗಿ ಕೂರುತ್ತಿದ್ದರು. ಕೂತರೆ ಒಮ್ಮೊಮ್ಮೆ ನಿದ್ದೆ ಹೋಗುತ್ತಿದ್ದರು. ನಾಲ್ಕು ಗಂಟೆಗೆ ಎರಡಕ್ಕೆ ಎರಡು ಕೊಟ್ಟು, ಗುಂಡನ್ನು ಚೀಲಕ್ಕೆ ಹಾಕಿ, ಸ್ಟೇಷನ್ ಬೇಲಿಯ ತನಕ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಅವರು ಮಾಸ್ಟರೋ ಡ್ರೈವರೋ ಎಂದು ನಾನು ಕೇಳಲು ಹೋಗಲಿಲ್ಲ. ಬಳೆ ಅವರ ಹೆಗಲ ಮೇಲಿರುತ್ತಿತ್ತು.

ಎರಡನೆಯ ವಾರದ ಶನಿವಾರ ಬಂತು. ಮರುದಿನ ಗಡುವಿನ ಭಾನುವಾರ. ಚಿಲಕ, ಬೀಗ ಎರಡೂ ರೇಡಿಯೋ ಪಕ್ಕದಲ್ಲಿದ್ದವು, ಪೊಟ್ಟಣದೊಳಗೆ.

ಆ ವರ್ಷ ಊರಲ್ಲಿ ನೀರಿಲ್ಲ. ಬಾವಿಗಳು ತಳ ಕಂಡಿದ್ದವು. ಲಾರಿಯಲ್ಲಿ ನೀರು ಬರುತ್ತಿತ್ತು, ಎಂದು, ಎಷ್ಟು ಹೊತ್ತಿಗೆ ಎಂದು ಲಾರಿಯವನಿಗೇ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಮಾವನ ಬೆಲ್ಲು ಎರಡು ಸಲ ಹೊಡೆಯಿತು. ಅದೇ ಕ್ಷಣ ಬೀದಿಯ ತುದಿಯಲ್ಲಿ ಲಾರಿಯ ಹಾರನ್. "ತಣ್ಣಿ ಲಾರಿ!" ಎಂದು ಮಾಮಿ ಕೂಗಿದರು. ನಾನು ಎರಡು ಕೊಡ ಎತ್ತಿಕೊಂಡು ಓಡಿದೆ. ಗುಂಡಿ ಒತ್ತಲಿಲ್ಲ. ಬಾಗಿಲು ಹಾಕಲಿಲ್ಲ. ಗೇಟು ಹಾಕಲಿಲ್ಲ.

ಸಾಲಿನಲ್ಲಿ ಜಗಳ. ಯಾರದ್ದೋ ಕೊಡ ಯಾರೋ ಹಿಂದೆ ತಳ್ಳಿದರು. ನಾನೂ ಕೂಗಾಡಿದೆ, ಸಿಸ್ಟರ್ ಕೇಳಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಕೊಡ ತುಂಬಿ ಸೊಂಟಕ್ಕೇರಿಸಿದ ಮೇಲೆ ನೆನಪಾಯಿತು.

ಗೇಟು.

ಅರ್ಧ ನೀರು ದಾರಿಗೆ ಚೆಲ್ಲಿತು. ತಿರುವಿನಲ್ಲಿ ಬಂದಾಗಲೇ ಕಂಡಿತು, ಗೇಟು ಹಾರು ಹೊಡೆದಿತ್ತು. ಎರಡೂ ರೆಕ್ಕೆ ಪೂರ್ತಿ ತೆರೆದು, ಒಂದು ಬೀದಿಯೇ ಒಳಗೆ ಬರಬಹುದು, ಹಾಗೆ.

ಗೇಟಿನ ಒಳಗೆ, ಅಂಗಳ ಮುಗಿಯುವ ಸಿಮೆಂಟಿನ ಗೆರೆಯ ಮೇಲೆ, ಮಾವ ನಿಂತಿದ್ದರು.

ಕೋಟು ಹಾಕಿಕೊಂಡಿದ್ದರು. ಬಳೆ ಹೆಗಲ ಮೇಲೆ. ಚೀಲ ಖಾಲಿ. ಬರಿಗಾಲು ಕಾದ ಸಿಮೆಂಟಿನ ಮೇಲೆ, ಒಂದೊಂದೇ ಪಾದ ಎತ್ತಿ ಬದಲಿಸುತ್ತಿದ್ದರು. ಬೆವರು ಗಲ್ಲದಿಂದ ಕೋಟಿನ ಮೇಲೆ ಬೀಳುತ್ತಿತ್ತು. ಹಿಂದೆ ಸರಿದಿರಲಿಲ್ಲ. ಮುಂದೆಯೂ ಹೋಗಿರಲಿಲ್ಲ. ಮುಕ್ಕಾಲು ಗಂಟೆ.

ನನ್ನನ್ನು ನೋಡಿ ದೂರು ಹೇಳಿದರು: "ನೋಡಮ್ಮ, ಆ ಕಡೆ ಸ್ಟೇಷನ್ನವನು ಮಲಗಿಬಿಟ್ಟಿದಾನೆ. ಲೈನ್ ಕ್ಲಿಯರ್ ಕೇಳಿ ಎಷ್ಟು ಹೊತ್ತಾಯ್ತು! ರಿಪೋರ್ಟ್ ಬರೀತೀನಿ."

ನಾನು ಕೊಡಗಳನ್ನು ಅಲ್ಲೇ ಇಟ್ಟು ಒಳಗೆ ಓಡಿದೆ. ಗುಂಡಿ ಎರಡು ಸಲ ಒತ್ತಿದೆ. ಗುಂಡು ತಂದು ಚೀಲಕ್ಕೆ ಹಾಕಿದೆ. ಅವರ ಪಾದಗಳಿಗೆ ನೀರು ಹೊಯ್ದು ಚಪ್ಪಲಿ ತೊಡಿಸಿದೆ, ಲಾರಿ ನೀರು, ಜಗಳವಾಡಿ ತಂದ ನೀರು. ಆಮೇಲೆ ಅವರು ಗೆರೆ ದಾಟಿದರು. ಒದ್ದೆ ಸೀರೆಯಲ್ಲೇ ಅವರ ಹಿಂದೆ ನಡೆದೆ. ವಾಪಸು ಬಂದು ನಾಲ್ಕು ಬೆಲ್ಲು. ಅವರು ನಾಲ್ಕು, ನಾನು ನಾಲ್ಕು.

ನಮ್ಮವರು ಬಂದಾಗ ಮಾವ ಮೇಜಿನ ಮುಂದೆ ಕೂತು ರಿಪೋರ್ಟ್ ಬರೆಯುತ್ತಿದ್ದರು. ಅಂಗಾಲಿನ ಬೊಬ್ಬೆಗಳಿಗೆ ನಾನು ಬೆಣ್ಣೆ ಹಚ್ಚುತ್ತಿದ್ದೆ. ನಡೆದದ್ದು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ.

"ಗೇಟ್ ಪೂರ್ತಿ ತೆಗೆದಿತ್ತಾ?" ಎಂದು ಕೇಳಿದರು.

"ಪೂರ್ತಿ."

ಅವರು ಹೊರಗೆ ಹೋಗಿ ಆ ಸಿಮೆಂಟ್ ಗೆರೆಯನ್ನು ನೋಡುತ್ತಾ ನಿಂತರು. ಒಳಗೆ ಬಂದಾಗ ಮೂಗು ಒರೆಸಿಕೊಂಡು, ರೇಡಿಯೋ ಪಕ್ಕದ ಪೊಟ್ಟಣ ತೆಗೆದು ಬೀರುವಿನ ಮೇಲೆ ಎಸೆದರು. ಭಾನುವಾರ ಚಿಲಕದ ಮಾತು ಬರಲಿಲ್ಲ. ಬೀಗ ಈಗ ನೀರಿನ ಡ್ರಮ್ಮಿನ ಮುಚ್ಚಳಕ್ಕೆ ಬಿದ್ದಿದೆ. ನೀರಿಗೆ ಬೀಗ ಹಾಕಬಹುದು, ಅದಕ್ಕೆ ಚಿಲಕದ ಸದ್ದು ಕೇಳಿಸುವುದಿಲ್ಲ.

ಮಾವ ರಿಪೋರ್ಟ್ ಮುಗಿಸಿ ನನ್ನ ಮುಂದೆ ಹಿಡಿದರು. ಅಕ್ಷರ ನಡುಗಿತ್ತು, ಇಂಗ್ಲಿಷ್ ಮಾತ್ರ ಹಳೆಯ ಠೀವಿಯದು. ಪಕ್ಕದ ನಿಲ್ದಾಣದವರು ಕರೆಗೆ ಉತ್ತರಿಸಿಲ್ಲ, ಗಾಡಿ ತಡೆದು ನಿಲ್ಲಿಸಲಾಯಿತು, ದಯವಿಟ್ಟು ವಿಚಾರಿಸುವುದು. ಕೆಳಗೆ ತಪ್ಪಿತಸ್ಥರ ಸಹಿಗೆ ಜಾಗ.

ನಾನು ಸಹಿ ಹಾಕಿದೆ. ಪೂರ್ತಿ ಹೆಸರು, ಕಾನ್ವೆಂಟಿನ ದುಂಡು ಅಕ್ಷರದಲ್ಲಿ.

ಅವರು ಹೆಸರು ಓದಿದರು. ಅದು ಯಾರದೆಂದು ಅವರಿಗೆ ಗೊತ್ತಾಗಲಿಲ್ಲ. "ಹೊಸಬಳು," ಎಂದರು ಮಗನಿಗೆ, ನನ್ನ ಪರವಾಗಿ. "ಕೆಲಸ ಕಲೀತಿದಾಳೆ. ಈ ಸಲ ವಾರ್ನಿಂಗ್ ಸಾಕು."

ಇದಾಗಿ ಹತ್ತು ತಿಂಗಳು. ಮಾವ ಗುಣವಾಗಿಲ್ಲ, ಆಗುವುದಿಲ್ಲ. ಎರಡು ಕೊಡುವ ಕಡೆ ಐದು ಕೊಡುತ್ತಾರೆ, ನಾನೂ ಐದು ಕೊಡುತ್ತೇನೆ. ಹೆಚ್ಚಿನ ದಿನ ಬೇಲಿಯ ತನಕ ಹೋಗಲಾಗುವುದಿಲ್ಲ, ಮಾಮಿಯ ಗೇಟಿನ ತನಕ ಹೋಗಿ ತಿರುಗುತ್ತೇವೆ. ಮಾಮಿ ಕಾಫಿ ಕೊಡುತ್ತಾರೆ, ಅದು ಚೆನ್ನಾಗಿದೆ ಎಂದು ಮಾವ ನನಗೆ ಹೇಳುತ್ತಾರೆ. ಈಗಲೂ ಸಿಟ್ಟು ಬರುತ್ತದೆ. ವಸಂತಾ ಈಗಲೂ ಸಲಹೆ ತರುತ್ತಾಳೆ. ನಮ್ಮವರು ಬೆಲ್ಲಿನ ಸೆಲ್ಲುಗಳನ್ನು ತಿಂಗಳಿಗೊಮ್ಮೆ ತಪ್ಪದೆ ಬದಲಿಸುತ್ತಾರೆ, ಬೇರೆ ಏನನ್ನೂ ಕಂಡುಹಿಡಿಯುವುದಿಲ್ಲ. ಅದಕ್ಕೆ ನಾನು ದೇವರಿಗೆ ಕೃತಜ್ಞಳು.

ಮೊನ್ನೆ ತಿರುಗಿ ಬಂದ ಮೇಲೆ ಮಾವ ಕುರ್ಚಿಯಲ್ಲಿ ಕಣ್ಣು ಮುಚ್ಚಿಬಿಟ್ಟರು. ಗುಂಡಿಯ ಹತ್ತಿರ ಹೋಗಲೇ ಇಲ್ಲ. ಮರೆತರು ಎಂದುಕೊಂಡೆ. ಗುಂಡನ್ನು ಉಪ್ಪಿನ ಭರಣಿಯ ಪಕ್ಕ ಇಟ್ಟು, ಅಡುಗೆಮನೆಯಿಂದ ನಾನೇ ನಾಲ್ಕು ಕೊಟ್ಟೆ: ಗಾಡಿ ಬಂದು ಸೇರಿತು.

ಉತ್ತರದ ಬೆಲ್ಲು ಬರಲಿಲ್ಲ. ಬಾಗಿಲಿಗೆ ಬಂದು ನೋಡಿದೆ. ಕಣ್ಣು ಮುಚ್ಚಿಯೇ ಇತ್ತು. ತೋರುಬೆರಳು ಮಾತ್ರ ಕುರ್ಚಿಯ ಕೈಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಒಂದು, ಎರಡು, ಮೂರು. ಸ್ವಲ್ಪ ತಡೆದು, ನಾಲ್ಕು.